ಕೊಟ್ಟೂರಿನ ಚಿತ್ರಶಾಲೆಯಲ್ಲಿ ನಾನು ಹಾಕಿದ ಹಾರ

ನನ್ನ ಕೈ ನನ್ನ ತಲೆಗಿಂತ ಮುಂದೆ ಓಡುತ್ತದೆ ಎಂದು ಅವ್ವ ನಾನು ಲಂಗ ಉಡುವ ಕಾಲದಿಂದಲೂ ಹೇಳುತ್ತಿದ್ದಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ, ನಿವೃತ್ತಳಾಗಿ, ಹಡಗಲಿಯ ಮನೆಯಲ್ಲಿ ಆರಾಮಾಗಿ ಕೂತ ಮೇಲೂ ಆ ಗುಣ ನನ್ನನ್ನು ಬಿಟ್ಟು ಹೋಗಿಲ್ಲ. ಮದುವೆ ಮನೆಗೆ ಹೋದರೆ ಯಾರೂ ಹೇಳದಿದ್ದರೂ ಬಡಿಸಲು ನಿಲ್ಲುವವಳು ನಾನೇ. ಬಸ್ಸಿನಲ್ಲಿ ಕಂಡಕ್ಟರ್ ಬಾಯಿ ತೆರೆಯುವ ಮೊದಲೇ ‘ಒಳಗ ನಡೀರಿ, ಒಳಗ ನಡೀರಿ’ ಎನ್ನುವವಳೂ ನಾನೇ. ಇದರಿಂದ ನಾಲ್ಕು ಜನಕ್ಕೆ ಉಪಕಾರ ಆಗಿದ್ದೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಒಂದು ಸಲ ಮಾತ್ರ ಗಟ್ಟಿಮುಟ್ಟಾಗಿ ಬದುಕಿದ್ದ ಒಬ್ಬ ಹೆಂಗಸನ್ನು ಹತ್ತು ನಿಮಿಷದಲ್ಲಿ ಸಾಯಿಸಿಬಿಟ್ಟೆ. ಅದನ್ನು ಬರೆದು ಮುಗಿಸದಿದ್ದರೆ ನನಗೆ ಸಮಾಧಾನವಿಲ್ಲ.

ನಮ್ಮ ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಿದ್ದ ಮೇಷ್ಟ್ರೊಬ್ಬರಿದ್ದರು. ಸ್ವಂತ ಊರು ಕೊಟ್ಟೂರು. ಅವರೂ ನಿವೃತ್ತರಾದರು, ಆದರೆ ಸುಮ್ಮನೆ ಕೂರುವ ಜೀವವಲ್ಲ. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ಒಂದು ಕಾಲಕ್ಕೆ ಶೇಂಗಾ ಚೀಲ ಒಟ್ಟುತ್ತಿದ್ದ ಗೋದಾಮಿನ ಮಹಡಿಯನ್ನು ಹಿಡಿದು, ಗೋಡೆಗೆ ಬಿಳಿ ಬಣ್ಣ ಹೊಡೆಸಿ, ನಾಲ್ಕು ಟ್ಯೂಬ್‌ಲೈಟು ಎರಡು ಫ್ಯಾನು ಹಾಕಿಸಿ, ಅದನ್ನು ಚಿತ್ರಶಾಲೆ ಎಂದು ಕರೆದರು. ‘ನಮ್ಮ ಕಡೆ ಬರಿಯೋ ಮಂದಿ ಬೇಕಾದಷ್ಟು ಅದಾರ್ರಿ ಅಕ್ಕಾರ, ನೇತು ಹಾಕಾಕ ಒಂದು ಗ್ವಾಡಿ ಇಲ್ಲ’ ಎನ್ನುವುದು ಅವರ ಹಳೆಯ ಕೊರಗು. ಸ್ಟಾಫ್ ರೂಮಿನಲ್ಲಿ ಈ ಕೊರಗನ್ನು ಕೇಳಿ ಕೇಳಿ ನನಗೆ ಸಾಕಾಗಿತ್ತು. ಹಾಗಾಗಿ ಗೋಡೆ ಸಿಕ್ಕಿತು ಎಂದು ಅವರು ಫೋನ್ ಮಾಡಿದಾಗ ನನಗೂ ಖುಷಿಯಾಯಿತು.

‘ಸೋಮವಾರ ಉದ್ಘಾಟನಾ ಇಟ್ಕೊಂಡೀವಿ. ನೀವು ಬರ್ಲೇಬೇಕು. ಬರೋವಾಗ ನಿಮ್ಮೂರ ಮಲ್ಲಿಗಿ ಹಾರ ಒಂದು ತರ್ರಿ. ಅತಿಥಿಗಳಿಗೆ ಪ್ಲಾಸ್ಟಿಕ್ ಹಾರ ಹಾಕಿದ್ರ ಚಂದ ಕಾಣೂದಿಲ್ಲ,’ ಅಂದರು. ಹಡಗಲಿಯವರನ್ನು ಯಾರಾದರೂ ಕರೆದರೆಂದರೆ ಹಿಂದೆಯೇ ಮಲ್ಲಿಗೆಯ ಮಾತು ಬರುತ್ತದೆ. ನಾವು ಬರದಿದ್ದರೂ ನಡೆಯುತ್ತದೆ, ಹೂವು ಬರಬೇಕು.

ಬೇಸಿಗೆ. ಬೆಳಗ್ಗೆ ಬೇಗನೆ ಎದ್ದು, ದಪ್ಪಗೆ ಕಟ್ಟಿಸಿದ ಹಾರವನ್ನು ಒದ್ದೆ ಬಟ್ಟೆಯಲ್ಲಿ, ಅದರ ಮೇಲೆ ಬಾಳೆ ಎಲೆಯಲ್ಲಿ ಸುತ್ತಿಕೊಂಡು ಹೊರಟೆ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ ಬದಲಿಸುವ ಹೊತ್ತಿಗೆ ಇಡೀ ಬಸ್ ನನ್ನ ತೊಡೆಯ ಕಡೆಗೇ ಮೂಗು ತಿರುಗಿಸಿ ಕೂತಿತ್ತು. ಕೊಟ್ಟೂರು ಬಸ್ಸಿನ ಕಂಡಕ್ಟರ್ ಟಿಕೆಟ್ ಹರಿಯುತ್ತ, ‘ಯಾರ ಲಗ್ನ ಅಕ್ಕಾರ?’ ಎಂದ.

‘ಲಗ್ನಕ್ಕಲ್ಲಪ್ಪ, ಗ್ವಾಡಿಗೆ ಹಾಕಿದ ಚಿತ್ರ ನೋಡಾಕ ಹೊಂಟೀನಿ.’

‘ಅದಕ್ಕ ಇಷ್ಟು ದೂರ ಯಾಕ ಹೊಕ್ಕೀರಿ? ನಮ್ಮ ಮನಿ ಗ್ವಾಡಿ ಮ್ಯಾಲ ನನ್ನ ಮಗಳು ದಿನಾ ಬರೀತಾಳ. ಬರ್ರಿ ಬೇಕಾದ್ರ, ಚಾನೂ ಕೊಡ್ತೀವಿ.’

ಬಸ್ಸಿನವರೆಲ್ಲ ನಕ್ಕರು, ನಾನೂ ನಕ್ಕೆ. ಕೊಟ್ಟೂರಿನಲ್ಲಿ ಇಳಿದಾಗ ಹನ್ನೊಂದು ಗಂಟೆಯ ಬಿಸಿಲು ನೆತ್ತಿಗೆ ಬಡಿಯಿತು. ಗೋದಾಮು ಹುಡುಕುವುದು ಕಷ್ಟವಾಗಲಿಲ್ಲ. ಕೆಳಗೆ ಮಂಡಕ್ಕಿ ಅಂಗಡಿ, ಪಕ್ಕದಲ್ಲಿ ಕಡಿದಾದ ಕಲ್ಲು ಮೆಟ್ಟಿಲು, ಮೆಟ್ಟಿಲಿನ ಬಾಯಿಗೆ ಒಂದು ದೊಡ್ಡ ಬೋರ್ಡು. ‘ಚಿತ್ರಶಾಲೆ’ ಎನ್ನುವ ಅಕ್ಷರಗಳು ಕೆಂಪು, ಅದಕ್ಕೆ ಹಳದಿ ನೆರಳು, ನೆರಳಿಗೆ ಮತ್ತೆ ನೀಲಿ ನೆರಳು. ಲಾರಿಯ ಹಿಂಭಾಗ ನೋಡಿದಷ್ಟು ಸಂತೋಷವಾಯಿತು. ಬೋರ್ಡಿನ ಕೆಳಗೆ ನಿಂತಿದ್ದ ಒಬ್ಬ ರೈತ ನನ್ನನ್ನು, ‘ಪಾಸ್‌ಪೋರ್ಟ್ ಸೈಜು ಎಷ್ಟೊತ್ತಿಗೆ ಕೊಡ್ತೀರ್ರಿ?’ ಎಂದು ಕೇಳಿದ. ಫೋಟೋ ಸ್ಟುಡಿಯೋ ಅಲ್ಲವೆಂದು ತಿಳಿಸಿ ಹೇಳಿದೆ. ‘ಮತ್ತ ಇಲ್ಲಿ ಏನು ಮಾಡ್ತೀರಿ?’ ಅಂದ. ‘ನೋಡ್ತೀವಿ,’ ಅಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ ಹೊರಟುಹೋದ.

ಮೇಲೆ ಹೋದರೆ ಮೇಷ್ಟ್ರು ಕಾಲು ಸುಟ್ಟ ಬೆಕ್ಕಿನಂತೆ ಆಚೆ ಈಚೆ ತಿರುಗುತ್ತಿದ್ದರು. ದೀಪ ಹಚ್ಚಬೇಕಾದ ದೊಡ್ಡ ಅತಿಥಿಗಳ ಸುಳಿವೇ ಇರಲಿಲ್ಲ. ಫೋನು ಎತ್ತುತ್ತಿರಲಿಲ್ಲ. ಕೊನೆಗೆ ಮೇಷ್ಟ್ರೇ ತಮ್ಮ ಹೆಂಡತಿಯ ಕೈಯಿಂದ ದೀಪ ಹಚ್ಚಿಸಿ, ‘ಉದ್ಘಾಟನಾ ಆತು, ಎಲ್ಲಾರೂ ನೋಡ್ರಿ’ ಎಂದು ಹೇಳಿ, ನನ್ನ ಕೈಯಲ್ಲಿದ್ದ ಹಾರದ ಕಡೆ ಸಂಕಟದಿಂದ ನೋಡಿದರು. ‘ಇರ್ಲಿ ಬಿಡ್ರಿ, ಒಂದು ಸಲ ಬಸ್ ಸ್ಟ್ಯಾಂಡಿಗೆ ಹೋಗಿ ನೋಡಿ ಬರ್ತೀನಿ, ಅಲ್ಲೆಲ್ಲರ ಬಂದಿರಬೇಕು,’ ಎಂದು ಮೆಟ್ಟಿಲಿಳಿದು ಹೋದರು. ಹೆಂಡತಿ ಪುರಿ ಪಲ್ಯದ ವ್ಯವಸ್ಥೆಗೆಂದು ಮನೆಗೆ ಹೋದರು. ಹಾರ ನನ್ನ ಕೈಯಲ್ಲೇ ಉಳಿಯಿತು.

ಕೆಳಗಿನ ಬೋರ್ಡು ಬರೆದವರು ಒಳಗಿದ್ದರು. ಕೂಡ್ಲಿಗಿಯ ಪೇಂಟರ್. ಐವತ್ತು ದಾಟಿದ ಮನುಷ್ಯ, ಕಿವಿಯ ಮೇಲೆ ಕುಂಚ ಸಿಕ್ಕಿಸಿಕೊಳ್ಳುವ ಅಭ್ಯಾಸ. ಫ್ಲೆಕ್ಸ್ ಬರುವ ಮೊದಲು ಕೂಡ್ಲಿಗಿಯ ಅರ್ಧ ಅಂಗಡಿಗಳ ಹೆಸರು ಇವರ ಕೈಯದೇ ಆಗಿತ್ತಂತೆ. ಫ್ಲೆಕ್ಸ್ ಬಂದಮೇಲೆ ಕೈ ಖಾಲಿಯಾಯಿತು, ಖಾಲಿ ಕೈ ಸುಮ್ಮನಿರಲಿಲ್ಲ, ತಮ್ಮೂರ ಗುಡ್ಡದ ಕರಡಿ ಬರೆಯತೊಡಗಿತು. ಒಂದು ಗೋಡೆಯ ತುಂಬ ಕರಡಿಗಳು. ಬಂಡೆಯ ಮೇಲೆ ಕೂತ ಕರಡಿ, ಸೀತಾಫಲ ತಿನ್ನುವ ಕರಡಿ, ಮರಿಯನ್ನು ಬೆನ್ನ ಮೇಲೆ ಹೊತ್ತ ಕರಡಿ. ಪ್ರತಿಯೊಂದರ ಕೆಳಗೂ ಹೆಸರಿನ ಜೊತೆ ‘ಆರ್ಟ್ಸ್, ಕೂಡ್ಲಿಗಿ’ ಎಂಬ ಸಹಿ ಕರಡಿಗಿಂತ ದೊಡ್ಡದಾಗಿ, ಮೂರು ನೆರಳುಗಳ ಸಮೇತ.

‘ಇದ್ಯಾಕ ನನ್ನ ಇಷ್ಟು ಸಿಟ್ಟಿಲೇ ನೋಡ್ತೈತಿ?’ ಎಂದು ಒಂದರ ಮುಂದೆ ನಿಂತು ಕೇಳಿದೆ.

‘ಸಿಟ್ಟಲ್ರಿ ಅಕ್ಕಾರ. ಅದಕ್ಕ ಕಣ್ಣು ಸರಿ ಕಾಣೂದಿಲ್ಲ. ಮೂಗಿಲೇ ನೋಡ್ತೈತಿ. ನಿಮ್ಮ ಮಲ್ಲಿಗಿ ವಾಸನಿ ಹಿಡದೈತಿ,’ ಅಂದರು. ಈ ಮನುಷ್ಯ ಮಾತಿನಲ್ಲೂ ನೆರಳು ಹಾಕುತ್ತಾರಲ್ಲ ಎಂದುಕೊಂಡೆ.

ಕರಡಿಗಳಾದ ಮೇಲೆ ಮೇಷ್ಟ್ರ ಚಿತ್ರಗಳು. ಬಾಗಳಿಯ ಗುಡಿಯ ಕಂಬಗಳನ್ನು ಅವರು ಅಳತೆಪಟ್ಟಿ ಇಟ್ಟು ಬರೆದಿದ್ದರು. ಒಂದು ಗೆರೆ ವಾರೆಯಿಲ್ಲ. ನಿಜ ಹೇಳಬೇಕೆಂದರೆ ಪರೀಕ್ಷೆಯ ಉತ್ತರ ಪತ್ರಿಕೆ ನೋಡಿದಂತಾಯಿತು, ಪೂರ್ತಿ ಅಂಕ ಕೊಡಬಹುದು, ಎರಡನೇ ಸಲ ನೋಡಬೇಕು ಅನ್ನಿಸುವುದಿಲ್ಲ. ಇದನ್ನು ಅವರಿಗೆ ಹೇಳಿಲ್ಲ. ಈಗ ಓದಿದರೆ ಓದಲಿ.

ಅಲ್ಲಿಂದ ತಿರುಗಿದೆ. ಬಾಗಿಲಿಗೆ ನೇರ ಎದುರಿನ ಗೋಡೆಯಲ್ಲಿ ಒಂದು ಚಿತ್ರವಿತ್ತು, ಪ್ಲೈವುಡ್ಡಿನ ಮೇಲೆ ಬರೆದದ್ದು, ನನ್ನಷ್ಟೇ ಎತ್ತರ. ಅಡುಗೆಮನೆಯ ಹೊಸ್ತಿಲ ಬಳಿ ಒಬ್ಬ ವಯಸ್ಸಾದ ಹೆಂಗಸು ಕೂತಿದ್ದಾರೆ. ಹಣೆಯಲ್ಲಿ ವಿಭೂತಿ. ತಲೆಯ ಮೇಲಿನ ಸೆರಗು ಅರ್ಧ ಜಾರಿದೆ. ಒಂದು ಕಾಲು ಮಡಚಿಕೊಂಡಿದ್ದಾರೆ, ಮಂಡಿನೋವಿನ ಇನ್ನೊಂದು ಕಾಲನ್ನು ನಮ್ಮ ಕಡೆಗೆ ಚಾಚಿದ್ದಾರೆ. ತೊಡೆಯ ಮೇಲೆ ಮೊರ, ಮೊರದಲ್ಲಿ ತೊಗರಿಬೇಳೆ. ಮುಖ ಮಾತ್ರ ಪಡಸಾಲೆಯ ಕಡೆ ತಿರುಗಿದೆ, ಅಲ್ಲಿ ಯಾರೋ ಏನೋ ಬೀಳಿಸಿದ್ದಾರೆ, ಇನ್ನೇನು ಬೈಯಬೇಕು, ಬಾಯಿ ಅರ್ಧ ತೆರೆದಿದೆ. ನನ್ನ ಕಣ್ಣು ಹೋಗಿ ನಿಂತದ್ದು ಚಾಚಿದ ಕಾಲಿನ ಹಿಮ್ಮಡಿಯ ಮೇಲೆ. ಒಡೆದ ಹಿಮ್ಮಡಿ. ಬಿರುಕು ಬಿರುಕಿಗೂ ಒಂದೊಂದು ಗೆರೆ, ಗೆರೆಯೊಳಗೆ ಹಳೆಯ ಮಣ್ಣಿನ ಕಪ್ಪು. ನಾನು ಚಿತ್ರ ನೋಡಿ ಕಣ್ಣೀರು ಹಾಕುವ ಹೆಂಗಸಲ್ಲ. ಆದರೆ ಆ ಕಾಲಿನ ಮುಂದೆ ಕನ್ನಡಕ ತೆಗೆದು ಒರೆಸಿಕೊಂಡೆ.

‘ಇದನ್ನ ಯಾರು ಬರದಾರ್ರಿ?’

‘ಇಲ್ಲೇ ಸಮೀಪದ ಅರಸೀಕೆರಿ ಹೆಣ್ಮಗಳು. ಬಣ್ಣದ ಅಂಗಡಿ ಮನಿ ಸೊಸಿ,’ ಅಂದರು ಪೇಂಟರ್. ‘ಹೆಸರಿನ ಚೀಟಿ ಪ್ರಿಂಟ್ ಮಾಡಿಸ್ಕೊಂಡು ಬರಾಕ ಹೋಗ್ಯಾಳ. ಇದು ಆಕಿ ಅತ್ತಿ ಅಂತ.’

‘ಪಾಪ,’ ಅಂದೆ.

‘ಹೌದ್ರಿ, ಪಾಪ,’ ಅಂದರು ಅವರೂ.

ಈಗ ನನ್ನ ಪರವಾಗಿ ಎರಡು ಮಾತು ಹೇಳಿಕೊಳ್ಳಬೇಕು. ನಮ್ಮ ಕಡೆ ಗೋಡೆಗೆ ಇಷ್ಟು ದೊಡ್ಡದಾಗಿ ಏರುವವರು ಎರಡೇ ಥರದವರು, ದೇವರು ಮತ್ತು ತೀರಿಕೊಂಡವರು. ಬದುಕಿರುವವರ ಫೋಟೋ ಆಲ್ಬಮ್ಮಿನಲ್ಲಿರುತ್ತದೆ, ಮೊಬೈಲಿನಲ್ಲಿರುತ್ತದೆ, ಬಹಳ ಆದರೆ ಶೋಕೇಸಿನ ಗಾಜಿನ ಹಿಂದೆ ಗೇಣುದ್ದ ಇರುತ್ತದೆ. ಅದು ಸಾಲದೆಂದು, ಮೇಷ್ಟ್ರ ಹೆಂಡತಿ ಹಚ್ಚಿದ ಹಿತ್ತಾಳೆಯ ದೀಪ ಇದೇ ಚಿತ್ರದ ಬುಡದಲ್ಲಿ ಒಂದು ಸ್ಟೂಲಿನ ಮೇಲೆ ಉರಿಯುತ್ತಿತ್ತು. ಫ್ಯಾನಿನ ಗಾಳಿ ತಾಗದ ಜಾಗ ಅದೊಂದೇ ಎಂದು ಅಲ್ಲಿಟ್ಟಿದ್ದರು, ಅದು ನನಗೆ ಆಮೇಲೆ ಗೊತ್ತಾದದ್ದು. ವಯಸ್ಸಾದ ಹೆಂಗಸು, ವಿಭೂತಿ, ಆಳೆತ್ತರದ ಚಿತ್ರ, ಕೆಳಗೆ ದೀಪ. ಇಲ್ಲದ್ದು ಒಂದೇ, ಹಾರ. ಅದು ನನ್ನ ಕೈಯಲ್ಲಿತ್ತು.

ಬಾಳೆ ಎಲೆ ಬಿಚ್ಚಿದೆ. ಒಂದು ಕುರ್ಚಿ ಎಳೆದುಕೊಂಡು ಹತ್ತಿದೆ. ಚಿತ್ರದ ಮೇಲಂಚಿಗೆ ಎರಡೂ ಕಡೆ ಹಾರವನ್ನು ಇಳಿಬಿಟ್ಟು, ಇಳಿದು, ಕೈ ಮುಗಿದು ನಿಂತೆ. ಪೇಂಟರ್ ಕಿವಿಯ ಮೇಲಿನ ಕುಂಚ ತೆಗೆದು ಜೇಬಿಗಿಟ್ಟುಕೊಂಡು, ಚಪ್ಪಲಿ ಬಿಟ್ಟು, ಅವರೂ ಕೈ ಮುಗಿದರು. ಹಾರ ಬಿದ್ದ ಮೇಲೆ ಚಿತ್ರ ಎಷ್ಟು ಚಂದ ಕಾಣಿಸಿತೆಂದರೆ ಇದನ್ನು ಮೊದಲೇ ಯಾಕೆ ಯಾರೂ ಮಾಡಲಿಲ್ಲ ಎಂದು ಮೇಷ್ಟ್ರ ಮೇಲೆ ಸಿಟ್ಟೂ ಬಂತು.

ಅಷ್ಟರಲ್ಲಿ ಸೋಮವಾರದ ದರ್ಶನಕ್ಕೆಂದು ಊರಿನ ಗುಡಿಗೆ ಬಂದ ಮಂದಿ ಕೆಳಗೆ ಮಂಡಕ್ಕಿ ತಿಂದು, ಬೋರ್ಡು ನೋಡಿ, ಒಬ್ಬೊಬ್ಬರಾಗಿ ಮೇಲೆ ಬರತೊಡಗಿದರು. ಒಳಗೆ ಕಾಲಿಟ್ಟ ಕೂಡಲೇ ಎದುರಿಗೆ ಹಾರ, ದೀಪ. ಬಂದವರು ಬಂದಂತೆ ಚಪ್ಪಲಿ ಬಿಟ್ಟರು. ಒಬ್ಬ ಅಜ್ಜ ತನ್ನ ವಿಭೂತಿ ಗಟ್ಟಿ ತೆಗೆದು ಚಿತ್ರದ ಹಣೆಗೆ ಮೂರು ಬೆರಳು ಎಳೆದ. ಯಾರೋ ಗುಡಿಯಿಂದ ತಂದ ಬಾಳೆಹಣ್ಣಿಗೆ ಊದಿನಕಡ್ಡಿ ಚುಚ್ಚಿ ಸ್ಟೂಲಿನ ಮೇಲಿಟ್ಟರು. ಕರಡಿಗಳ ಕಡೆ ಯಾರೂ ತಿರುಗಿ ನೋಡಲಿಲ್ಲ. ಸೊಂಟದ ಮೇಲೆ ಕೂಸು ಇಟ್ಟುಕೊಂಡಿದ್ದ ಒಬ್ಬ ಹೆಂಗಸು ನನ್ನ ಪಕ್ಕ ಬಂದು ಮೆಲ್ಲಗೆ, ‘ಏನಾಗಿತ್ರಿ ಹಿರಿಯಾರಿಗೆ?’ ಅಂದಳು.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಮೂವತ್ತು ವರ್ಷ ಪ್ರಶ್ನೆಗೆ ಉತ್ತರ ಕೊಟ್ಟ ನಾಲಿಗೆ, ಗೊತ್ತಿಲ್ಲ ಎನ್ನುವುದು ಅದಕ್ಕೆ ರೂಢಿಯಿಲ್ಲ.

‘ವಯಸ್ಸಾಗಿತ್ತಲ್ಲವಾ,’ ಅಂದೆ. ‘ಮಲಗಿದಲ್ಲೇ ಹೋಗ್ಯಾರ. ಯಾರಿಗೂ ಒಂದು ಚರಿಗಿ ನೀರು ಸೈತ ಕೇಳ್ಲಿಲ್ಲ.’

‘ಪುಣ್ಯವಂತ್ರು,’ ಎಂದು ಅವಳು ಕೂಸಿನ ಎರಡೂ ಕೈ ಹಿಡಿದು ಮುಗಿಸಿದಳು. ಹಿಂದಿದ್ದವರಿಗೂ ಹೇಳಿದಳು. ಅವರು ಮೆಟ್ಟಿಲ ಮೇಲಿದ್ದವರಿಗೆ ಹೇಳಿದರು.

ಚೀಟಿ ಪ್ರಿಂಟ್ ಮಾಡಿಸಲು ಹೋಗಿದ್ದ ಸೊಸೆ ಬಂದದ್ದು ಆಗಲೇ. ಮೂವತ್ತರ ಆಸುಪಾಸಿನ, ಸಣ್ಣಗಿನ ಹುಡುಗಿ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣ. ಕೈಯಲ್ಲಿ ಕತ್ತರಿಸಿದ ಚೀಟಿಗಳ ಕಟ್ಟು. ಬಾಗಿಲಲ್ಲಿ ನಿಂತು ಹಾರ ನೋಡಿದಳು, ದೀಪ ನೋಡಿದಳು, ಊದಿನಕಡ್ಡಿ ನೋಡಿದಳು. ಚೀಟಿಗಳು ಕೈಯಿಂದ ಜಾರಿ ಫ್ಯಾನಿನ ಗಾಳಿಗೆ ನೆಲದ ತುಂಬ ಹರಡಿದವು. ಅವಳು ಹಾಗೆಯೇ ಗೋಡೆಗೆ ಒರಗಿ ಕೂತುಬಿಟ್ಟಳು. ದುಃಖ ಒತ್ತರಿಸಿ ಬಂತು ಎಂದುಕೊಂಡು ನಾನು ಹೋಗಿ ಭುಜದ ಮೇಲೆ ಕೈಯಿಟ್ಟೆ. ‘ಸಮಾಧಾನ ಮಾಡ್ಕೊ ತಂಗಿ. ಎಲ್ಲಾರೂ ಒಂದಿನ ಹೋಗೋರ,’ ಅಂದೆ.

‘ಅತ್ತಿ ಗುಡ್ಯಾಗ ಅದಾರ್ರಿ,’ ಅಂದಳು ಅವಳು. ‘ದರ್ಶನ ಮುಗಿಸ್ಕೊಂಡು ಇಲ್ಲಿಗೇ ಬರಾಕತ್ಯಾರ.’

ಅವಳ ಭುಜದ ಮೇಲಿನ ಕೈ ತೆಗೆದೆ. ಪೇಂಟರ್ ಸದ್ದಿಲ್ಲದೆ ತಮ್ಮ ಚಪ್ಪಲಿ ಹಾಕಿಕೊಂಡರು.

ಅವಳು ತಡವರಿಸುತ್ತ ಹೇಳಿದ್ದು ಇಷ್ಟು. ಅರಸೀಕೆರೆಯ ಮನೆಯಲ್ಲಿ ಅವಳು ಬಣ್ಣ ಹಿಡಿದು ಕೂರಲು ಸಾಧ್ಯವಾದದ್ದೇ ಅತ್ತೆಯಿಂದ. ಅಂಗಡಿಯಲ್ಲಿ ಡಬ್ಬಿಯ ತಳಕ್ಕೆ ಉಳಿದ ಬಣ್ಣವನ್ನು ಎತ್ತಿಟ್ಟು ಕೊಡುವವರು ಅತ್ತೆ. ಮಧ್ಯಾಹ್ನದ ಹೊತ್ತು ಯಾರಾದರೂ ಸೊಸೆಯನ್ನು ಕೇಳಿಕೊಂಡು ಬಂದರೆ ‘ತಲಿನೋವು ಅಂತ ಮಲಗ್ಯಾಳ’ ಎಂದು ಸುಳ್ಳು ಹೇಳಿ ಕಳಿಸುವವರೂ ಅತ್ತೆ. ಅವರು ಹಾಕಿದ್ದ ಷರತ್ತು ಒಂದೇ. ಗಿಳಿ ಬರಿ, ಗಿಡ ಬರಿ, ದೇವರನ್ನು ಬೇಕಾದರೂ ಬರಿ, ಮನೆಯ ಮಂದಿಯನ್ನು ಬರೆಯಬೇಡ. ಮಾವನವರು ಬದುಕಿದ್ದಾಗ ತಮ್ಮದೊಂದು ಫೋಟೋವನ್ನು ದಾವಣಗೆರೆಯಲ್ಲಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದಿದ್ದರಂತೆ. ಅದೇ ತಿಂಗಳು ಅವರು ತೀರಿಕೊಂಡು, ಅದೇ ಕಟ್ಟಿಗೆ ಹಾರ ಬಿತ್ತು. ಅಂದಿನಿಂದ ಅತ್ತೆ ತಮ್ಮ ಫೋಟೋ ಹಿಡಿಯಲು ಯಾರಿಗೂ ಬಿಟ್ಟಿರಲಿಲ್ಲ. ಸೊಸೆ ಆ ಒಂದೇ ಒಂದು ಮಾತನ್ನು ಮೀರಿದ್ದಳು. ಬಾಗಿಲ ಸಂದಿಯಿಂದ ನೋಡಿ ನೋಡಿ, ಒಂದು ವರ್ಷ, ಕದ್ದು ಬರೆದಿದ್ದಳು. ಇಂದು ಮೊದಲು ಗಿಳಿ ತೋರಿಸಿ, ಹುಣಸೆ ಗಿಡ ತೋರಿಸಿ, ಅತ್ತೆಯ ಮನಸ್ಸು ಮೆತ್ತಗಾದ ಮೇಲೆ ಕೊನೆಗೆ ಇದನ್ನು ತೋರಿಸಿ ಕಾಲು ಹಿಡಿಯಬೇಕೆಂದಿದ್ದಳು.

‘ಇನ್ನ ಮುಗೀತ್ರಿ ಅಕ್ಕಾರ,’ ಅಂದಳು. ‘ಬಣ್ಣದ ಡಬ್ಬಿ ಮುಟ್ಟಾಕ ಬಿಡೂದಿಲ್ಲ. ಅದು ಹೋದ್ರ ಹೋಗ್ಲಿ, ಅತ್ತಿ ನನ್ನ ಮಾರಿ ನೋಡೂದಿಲ್ಲ.’

ಅಷ್ಟರಲ್ಲಿ ಮೇಷ್ಟ್ರು ಅತಿಥಿಗಳಿಲ್ಲದೆ ವಾಪಸ್ಸು ಬಂದರು. ವಿಷಯ ತಿಳಿದು ತಲೆ ಮೇಲೆ ಕೈ ಹೊತ್ತು, ‘ಅಕ್ಕಾರ, ಮೂವತ್ತು ವರ್ಷ ಸಜೀವಿ ನಿರ್ಜೀವಿ ಪಾಠ ಮಾಡೀರಿ. ಜೀವ ಐತೋ ಇಲ್ಲೋ ಒಂದು ಮಾತು ಕೇಳಬಾರದಾ?’ ಅಂದರು.

ಹಾರ ತೆಗೆಯಲು ನಾನೇ ಕುರ್ಚಿ ಹತ್ತಿದೆ. ಕೆಳಗಿನಿಂದ ಮಂದಿ ಬಿಡಲಿಲ್ಲ. ‘ಏ, ಹಾಕಿದ ಹಾರ ಆಗಿಂದಾಗ ತಗಿಬಾರದ್ರಿ, ಅವರ ಆತ್ಮ ನೊಂದ್ಕೊಂತೈತಿ,’ ಎಂದು ವಿಭೂತಿ ಹಚ್ಚಿದ ಅಜ್ಜ ಗದರಿದ. ಇವರು ಸತ್ತಿಲ್ಲ ಅಂದೆ. ‘ನೀವ ಈಗ ಹೇಳಿದ್ರಲ್ರಿ, ಮಲಗಿದಲ್ಲೇ ಹೋದ್ರು ಅಂತ,’ ಅಂದಳು ಕೂಸಿನ ಹೆಂಗಸು. ಅವಳಿಗೆ ನನ್ನ ಮೇಲೆ ಸಂಶಯ ಶುರುವಾಗಿತ್ತು. ಪೇಂಟರ್ ಒದ್ದೆ ಬಟ್ಟೆಯಿಂದ ಚಿತ್ರದ ಹಣೆ ಒರೆಸಲು ಹೋಗಿ ವಿಭೂತಿಯನ್ನು ಮೂಗಿನವರೆಗೂ ಹರಡಿದರು. ಸೊಸೆ ಮೂಲೆಯಲ್ಲಿ ಕೂತು ಚೀಟಿ ಆರಿಸುತ್ತಿದ್ದಳು. ನನ್ನ ಕಾಲ ಬುಡಕ್ಕೆ ಬಂದು ಬಿದ್ದಿದ್ದ ಚೀಟಿಯಲ್ಲಿ ‘ನಮ್ಮ ಅತ್ತೆ, ಮಧ್ಯಾಹ್ನ ಮೂರಕ್ಕೆ’ ಎಂದಿತ್ತು. ಈ ಚೀಟಿ ಒಂದು ಗಂಟೆ ಮೊದಲು ಪ್ರಿಂಟ್ ಆಗಿದ್ದರೆ ನನ್ನ ಕೈ ಸುಮ್ಮನಿರುತ್ತಿತ್ತು.

ಏನಾದರೂ ಮಾಡಬೇಕಲ್ಲ, ಅವರನ್ನು ಕೆಳಗೇ ತಡೆಯೋಣವೆಂದು ಇಳಿದು ಓಡಿದೆ. ಮೆಟ್ಟಿಲ ಬುಡದಲ್ಲಿ ಅರಸೀಕೆರೆಯ ಬಣ್ಣದ ಅಂಗಡಿಯ ಸಾಮಾನು ಗಾಡಿ ನಿಂತಿತ್ತು. ಸೊಸೆಯ ಗಂಡ ತನ್ನ ಅವ್ವನನ್ನು ಇಳಿಸಿ ಗಾಡಿಯನ್ನು ಆಚೆ ನಿಲ್ಲಿಸಲು ಹೋದ. ಚಿತ್ರದಲ್ಲಿದ್ದವರೇ ನನ್ನೆದುರು ನಿಂತಿದ್ದರು, ಅದೇ ಮೂಗು, ಅದೇ ಬೈಯಲು ತಯಾರಾದ ಬಾಯಿ. ಮೆಟ್ಟಿಲಿನ ಎತ್ತರ ನೋಡಿ, ‘ಮ್ಯಾಲ ಏನೈತಿ ಇಷ್ಟು ಮಂದಿ?’ ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಹಿಂದೆಯೇ ಇಳಿದು ಬಂದ, ತಲೆ ಬಗ್ಗಿಸಿ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಒಬ್ಬ ಮುದುಕಿ, ‘ಯಾರೋ ಹಿರಿಯಾರು ತೀರ್ಕೊಂಡಾರಂತ ಯವ್ವಾ. ಮಲಗಿದಲ್ಲೇ. ಒಂದು ಚರಿಗಿ ನೀರು ಸೈತ ಕೇಳ್ಲಿಲ್ಲಂತ,’ ಎಂದು ಹೇಳಿ ಹೊರಟುಹೋದಳು.

‘ಪುಣ್ಯ ಮಾಡ್ಯಾಳ,’ ಅಂದರು ಅತ್ತೆ, ಗುಡಿಯ ಕಡೆ ತಿರುಗಿ ಕೈ ಮುಗಿದು. ‘ನನಗೂ ಹಂಗ ಬಂದ್ರ ಸಾಕು.’ ಆಮೇಲೆ ನನ್ನ ಕಡೆ ಕೈ ಚಾಚಿದರು. ‘ಸ್ವಲ್ಪ ಹಿಡಕೊಳ್ರಿ, ಮಂಡಿ ಹಿಡದೈತಿ.’

ಹಿಡಿದುಕೊಂಡೆ. ಒಂದೊಂದು ಮೆಟ್ಟಿಲಿಗೂ ಬಾಯಿ ತೆರೆದೆ, ಒಂದೊಂದು ಮೆಟ್ಟಿಲಿಗೂ ಮುಚ್ಚಿದೆ. ಅವರ ಕೈ ನನ್ನ ಕೈಯಲ್ಲಿ ಬೆಚ್ಚಗಿತ್ತು, ಅದೇ ನನ್ನನ್ನು ಇನ್ನಷ್ಟು ಹಿಂಸಿಸಿತು. ನಡುವೆ ಅವರು ಏದುಸಿರು ಬಿಡುತ್ತ, ‘ನಮ್ಮ ಸೊಸಿ ಇಲ್ಲಿ ಚಿತ್ರ ಹಾಕ್ಯಾಳ. ಗಿಳಿ ಛಂದ ಬರೀತಾಳ,’ ಎಂದು ಹೆಮ್ಮೆಯಿಂದ ಹೇಳಿಕೊಂಡರು.

ಒಳಗೆ ಬಂದಾಗ ಜನ ತಾವಾಗಿಯೇ ಎರಡು ಬದಿಗೆ ಸರಿದರು. ಕೂಸಿನ ಹೆಂಗಸು ಅತ್ತೆಯ ಮುಖ ನೋಡಿ, ಗೋಡೆ ನೋಡಿ, ಕೂಸನ್ನು ಎದೆಗೆ ಅವಚಿಕೊಂಡಳು. ಅತ್ತೆಗೆ ಹೊರಗಿನ ಬಿಸಿಲಿನಿಂದ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು. ಮೊದಲು ಪಕ್ಕದ ಗೋಡೆ ಕಂಡಿತು. ‘ಇದೇನು, ಎಮ್ಮಿನಾ?’ ಎಂದರು. ಪೇಂಟರ್ ತಮ್ಮ ಕರಡಿಯ ಕಡೆ ಒಮ್ಮೆ ನೋಡಿಕೊಂಡರು. ಆಮೇಲೆ ಎದುರಿನ ಗೋಡೆ ಕಂಡಿತು.

ಬಹಳ ಹೊತ್ತು ನೋಡಿದರು. ನೋಡುತ್ತ ನೋಡುತ್ತ ತಮ್ಮ ತಲೆಯ ಸೆರಗನ್ನು ಸರಿಮಾಡಿಕೊಂಡರು.

‘ಹಾರ ಯಾರು ಹಾಕಿದ್ದು?’

‘ನಾನ್ರಿ,’ ಅಂದೆ. ಇನ್ನು ಮುಚ್ಚಿಡುವುದೇನು ಎಂದು ಎಲ್ಲ ಹೇಳಿಬಿಟ್ಟೆ. ‘ಮಲಗಿದಲ್ಲೇ ಹೋದ್ರು ಅಂತ ಹೇಳಿದ್ದೂ ನಾನ. ತಪ್ಪಾತು. ಇದರಾಗ ನಿಮ್ಮ ಸೊಸಿದು ಏನೂ ಇಲ್ಲ.’

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ‘ಹಂಗಾರ ಕೆಳಗ ಆಕಿ ಹೇಳಿದ್ದು ನನ್ನ ಸುದ್ದಿನಾ?’

‘ಹೌದ್ರಿ.’

‘ಸಾವು ಛಲೋದ ಕೊಟ್ಟೀರಿ ಬಿಡ್ರಿ,’ ಅಂದರು. ಯಾರೋ ಹಿಂದೆ ಕಿಸಕ್ಕೆಂದು ನಕ್ಕು ತಡೆದುಕೊಂಡರು. ಅತ್ತೆ ಚಿತ್ರದ ಹತ್ತಿರ ಹೋಗಿ ಹಾರದ ತುದಿಯನ್ನು ಬೆರಳಲ್ಲಿ ಎತ್ತಿ ಮೂಸಿ ನೋಡಿದರು. ‘ಹಡಗಲಿದು. ಕೊಳ್ಳಾಗ ಹಾರ ಬಿದ್ದಿದ್ದು ಒಂದ ಸಲ, ಮದುವ್ಯಾಗ. ಆವಾಗ ತಲಿ ತಗ್ಗಿಸಿ ಕುಂತಿದ್ದೆ, ನೋಡ್ಲಿಲ್ಲ. ಇನ್ನೊಂದು ಬೀಳೋವಾಗ ಕಣ್ಣು ಮುಚ್ಚಿರ್ತೀನಿ. ಹೆಂಗ ಕಾಣ್ತೈತಿ ಅಂತ ಇವತ್ತು ಗೊತ್ತಾತು.’

ಈಗ ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ, ತಲೆಯ ಮೇಲಿನ ಭಾರ ಇಳಿದವರು ನಗುವಂತೆ. ಸೊಸೆ ಮಾತ್ರ ನಗಲಿಲ್ಲ. ಹಾರ ನನ್ನದು, ಚಿತ್ರ ಅವಳದು. ಅತ್ತೆ ತಿರುಗಿ ಅವಳನ್ನು ನೋಡಿದಾಗ ಅವರ ಮುಖದಲ್ಲೂ ನಗು ಇರಲಿಲ್ಲ.

‘ನಾ ನಿನಗ ಏನು ಹೇಳಿದ್ದೆ?’

‘ಮನಿ ಮಂದಿನ ಬರೀಬ್ಯಾಡ ಅಂದಿದ್ರಿ.’

‘ಮತ್ತ?’

‘ಬ್ಯಾರೆ ಏನು ಬರದ್ರೂ ಸುಳ್ಳ ಅನ್ನಿಸ್ತಿತ್ರಿ ಅತ್ತಿ,’ ಎಂದಳು ಅವಳು, ನೆಲ ನೋಡುತ್ತ.

ಅತ್ತೆ ಮಂಡಿಯ ಮೇಲೆ ಕೈಯೂರಿ ಕಷ್ಟಪಟ್ಟು ಬಗ್ಗಿ, ಚಿತ್ರದ ಕೆಳಭಾಗಕ್ಕೆ ಮುಖ ತಂದರು. ಚಾಚಿದ ಕಾಲಿನ ಹಿಮ್ಮಡಿಯ ಮೇಲೆ ಒಂದು ಬೆರಳಿಟ್ಟರು. ಬೆರಳು ಒಂದು ಬಿರುಕಿನ ಮೇಲೆ ಕೊನೆಯವರೆಗೂ ಹೋಯಿತು.

‘ಇದು ನನ್ನ ಕಾಲಾ?’

‘ಹೌದ್ರಿ.’

‘ಇಷ್ಟು ಯಾವಾಗ ನೋಡಿದಿ?’

‘ದಿನಾ ನೋಡ್ತೀನ್ರಿ. ನೀವು ಕಾಲು ಚಾಚಿ ಕುಂತಾಗ.’

ಅವರು ಎದ್ದು ನಿಲ್ಲಲು ನನ್ನ ತೋಳು ಹಿಡಿದರು. ಆ ಹಿಡಿತ ಮೆಟ್ಟಿಲ ಮೇಲಿನದಕ್ಕಿಂತ ಬಿಗಿಯಾಗಿತ್ತು. ‘ನಿಮ್ಮ ಮಾವಗ,’ ಎಂದರು ಸೊಸೆಯ ಕಡೆ ತಿರುಗಿ, ‘ನಲವತ್ತು ವರ್ಷ ಒಂದ ಮನ್ಯಾಗ ಇದ್ರೂ ನನ್ನ ಕಾಲು ಒಡದಾವ ಅನ್ನೋದು ಗೊತ್ತಿದ್ದಿಲ್ಲ.’

ಸೊಸೆಗೆ ಈ ಮಾತು ಬೈಗುಳವೋ ಏನೋ ತಿಳಿಯಲಿಲ್ಲವೆಂದು ಕಾಣುತ್ತದೆ. ‘ತಗದುಬಿಡ್ತೀನ್ರಿ ಅತ್ತಿ, ಇವತ್ತ ತಗದುಬಿಡ್ತೀನಿ,’ ಎನ್ನುತ್ತ, ಅಳುತ್ತಲೇ, ಚಿತ್ರವನ್ನು ಇಳಿಸಲು ಅದರ ಎರಡೂ ಅಂಚಿಗೆ ಕೈ ಹಾಕಿದಳು. ಅತ್ತೆ ಅವಳ ಮುಂಗೈ ಹಿಡಿದರು.

‘ಹಾರ ಅಷ್ಟ ತಗಿ,’ ಅಂದರು. ‘ನಾ ಇರ್ತೀನಿ.’